ಕಬ್ಬಿನ ಮಡ್ಡಿಯಲ್ಲೂ ಒಲೆಯ ಉರಿಯಿದೆ

ನವೆಂಬರ್ ಬಂತೆಂದರೆ ಬೀದರ್‌ನಿಂದ ಭಾಲ್ಕಿಗೆ ಹೋಗುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳದ್ದೇ ಕಾರುಬಾರು. ಒಂದರ ಹಿಂದೆ ಒಂದು ಟ್ರೇಲರ್ ಕಟ್ಟಿಕೊಂಡು, ರಸ್ತೆಯ ಅರ್ಧ ಭಾಗ ಆಕ್ರಮಿಸಿಕೊಂಡು ನಿಧಾನವಾಗಿ ಸಾಗುವ ಆ ಸಾಲಿನ ಹಿಂದೆ ಬಸ್ಸು ಸಿಕ್ಕಿಕೊಂಡಿತೆಂದರೆ ಮುಗಿಯಿತು. ಮಕ್ಕಳಿಗೆ ಮಾತ್ರ ಅದೊಂದು ಸಂಭ್ರಮ. ಕಾರ್ಖಾನೆ ಹತ್ತಿರವಾದಂತೆ ಮೊದಲು ಬೆಲ್ಲ ಕಾಯಿಸಿದಂಥ ಸಿಹಿ ವಾಸನೆ ಬರುತ್ತದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಅದೇ ಗಾಳಿಯಲ್ಲಿ ಹುಳಿತು ಕೊಳೆತ ಇನ್ನೊಂದು ವಾಸನೆ. ಸೆರಗು ತಾನಾಗಿಯೇ ಮೂಗಿಗೆ ಹೋಗುತ್ತದೆ.

ಮೊದಲನೆಯದು ನಮ್ಮ ಚಹಾದ ಲೋಟಕ್ಕೆ ಬರುವ ಸಕ್ಕರೆಯ ವಾಸನೆ. ಎರಡನೆಯದು ಆ ಸಕ್ಕರೆ ಬಿಟ್ಟುಹೋದ ಕಸದ ವಾಸನೆ. ನಾವು ಮೂಗು ಮುಚ್ಚಿಕೊಂಡು ದಾಟಿಹೋಗುವ ಆ ಎರಡನೆಯ ವಾಸನೆಯಲ್ಲಿ ಅಡುಗೆ ಬೇಯಿಸುವ ಇಂಧನ ಅಡಗಿದೆ ಎಂದರೆ ನಂಬುವಿರಾ? ಅದನ್ನು ಹೊರತೆಗೆಯುವ ಕೆಲಸಗಾರರು ಕೂಲಿ ಕೇಳುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಅವು ಸೂಕ್ಷ್ಮಜೀವಿಗಳು. ಈ ಲೇಖನ ಅವುಗಳ ಕುರಿತು. ಅದಕ್ಕಿಂತ ಹೆಚ್ಚಾಗಿ, ಅವು ಕೊಡುವ ಉರಿ ಯಾರ ಮನೆಯ ಒಲೆಗೆ ಸೇರಬೇಕು ಎಂಬುದರ ಕುರಿತು.

ಕಸ ಯಾವುದು, ಸರಕು ಯಾವುದು?

ಬೀದರ್ ಜಿಲ್ಲೆಯಲ್ಲಿ ತೊಗರಿ, ಸೋಯಾ, ಉದ್ದು, ಹೆಸರು, ಜೋಳ ಬೆಳೆಯುವಷ್ಟೇ ಸಹಜವಾಗಿ, ನೀರಿದ್ದ ಕಡೆ ಕಬ್ಬನ್ನೂ ಬೆಳೆಯುತ್ತಾರೆ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯಲ್ಲಿ ಕಾರಂಜಾ ಅಣೆಕಟ್ಟು ಇದೆ, ಮಾಂಜ್ರಾ ನದಿಯೂ ಜಿಲ್ಲೆಯಲ್ಲಿ ಹರಿಯುತ್ತದೆ. ಕಬ್ಬನ್ನು ನಂಬಿ ಬೀದರ್ ಬಳಿಯ ಇಮಾಂಪುರ, ಹುಮನಾಬಾದ್ ಕಡೆಯ ಹಳ್ಳಿಖೇಡ, ಭಾಲ್ಕಿ ತಾಲೂಕಿನ ಹುಣಜಿ ಮತ್ತು ಬಾಜೋಳಗಾಗಳಲ್ಲಿ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದವು. ಎಲ್ಲವೂ ಪ್ರತಿ ಹಂಗಾಮಿನಲ್ಲಿ ಒಂದೇ ಸಮನೆ ನಡೆದವೆಂದಲ್ಲ. ಮಳೆ ಕೈಕೊಟ್ಟರೆ ಕಬ್ಬಿಲ್ಲ, ಕಬ್ಬಿಲ್ಲದಿದ್ದರೆ ಗಾಣವಿಲ್ಲ.

ನೂರು ಟನ್ ಕಬ್ಬು ಅರೆದರೆ ಸಕ್ಕರೆಯ ಜೊತೆ ಇನ್ನೇನೇನು ಹೊರಬರುತ್ತದೆ ನೋಡಿ. ಸುಮಾರು 28ರಿಂದ 30 ಟನ್ ಸಿಪ್ಪೆ ಬರುತ್ತದೆ. ಅದು ಕಾರ್ಖಾನೆಯ ಬಾಯ್ಲರ್‌ಗೇ ಉರುವಲಾಗುತ್ತದೆ, ಉಳಿದ ಉಗಿಯಿಂದ ವಿದ್ಯುತ್ತೂ ತಯಾರಾಗುತ್ತದೆ. ನಾಲ್ಕೂವರೆ ಟನ್‌ವರೆಗೆ ಕಾಕಂಬಿ ಸಿಗುತ್ತದೆ. ಅದು ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತಯಾರಿಕೆಗೆ, ದನಗಳ ಆಹಾರಕ್ಕೆ ಹೋಗುತ್ತದೆ. ಇವೆರಡಕ್ಕೂ ಮಾರುಕಟ್ಟೆಯಿದೆ, ಹಾಗಾಗಿ ಇವು ಕಸವಲ್ಲ. ಇನ್ನುಳಿದದ್ದು ಮೂರರಿಂದ ನಾಲ್ಕು ಟನ್ ಕಪ್ಪು ಮಡ್ಡಿ. ಕಬ್ಬಿನ ಹಾಲಿಗೆ ಸುಣ್ಣ ಹಾಕಿ ತಿಳಿಗೊಳಿಸುವಾಗ ತಳಕ್ಕೆ ಕೂರುವ, ಸೋಸಿ ತೆಗೆದ ಗಸಿ ಇದು. ಪ್ರೆಸ್‌ಮಡ್ ಎಂದು ಕಾರ್ಖಾನೆಯವರು ಕರೆಯುವುದು ಇದನ್ನೇ. ಇದರಲ್ಲಿ ಕಬ್ಬಿನ ನಾರಿನ ಚೂರು, ಸ್ವಲ್ಪ ಸಕ್ಕರೆ, ಮೇಣ, ಪ್ರೋಟೀನು, ಮಣ್ಣು ಎಲ್ಲವೂ ಇರುತ್ತದೆ. ರೈತರು ಗೊಬ್ಬರಕ್ಕೆಂದು ಒಯ್ಯುತ್ತಾರೆ. ಒಯ್ಯುವವರೆಗೆ ಅದು ಗುಡ್ಡದಂತೆ ಬಿದ್ದಿರುತ್ತದೆ, ಕೊಳೆಯುತ್ತದೆ, ಒಳಗೊಳಗೇ ಬಿಸಿಯಾಗುತ್ತದೆ. ಆ ಎರಡನೆಯ ವಾಸನೆಗೆ ಇದೊಂದು ಕಾರಣ.

ಎಥೆನಾಲ್ ತಯಾರಾಗುವ ಕಡೆ ಇನ್ನೂ ಒಂದು ತಲೆನೋವಿದೆ. ಕಾಕಂಬಿಯಿಂದ ಒಂದು ಲೀಟರ್ ಎಥೆನಾಲ್ ಬಟ್ಟಿಯಿಳಿಸಿದರೆ ಎಂಟರಿಂದ ಹದಿನೈದು ಲೀಟರ್‌ನಷ್ಟು ಕಡುಕಂದು ಬಣ್ಣದ ಕೊಳೆನೀರು ಉಳಿಯುತ್ತದೆ. ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಅದೇ ಹೀರಿ, ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಬಾವಿಯ ನೀರು ಕೆಡುತ್ತದೆ. ಆದ್ದರಿಂದಲೇ ಇದನ್ನು ಸಂಸ್ಕರಿಸದೆ ಹೊರಬಿಡಲು ಕಾನೂನಿನ ಅನುಮತಿ ಇಲ್ಲ.

ತೊಗರಿಬೇಳೆ ಗಿರಣಿಯ ಹೊಟ್ಟು-ನುಚ್ಚು ಏನಾಗುತ್ತದೆ ಎಂದು ನೀವು ಕೇಳಬಹುದು. ಅದನ್ನು ದನ ತಿನ್ನುತ್ತದೆ, ಅದಕ್ಕೆ ಒಳ್ಳೆಯ ಬೆಲೆಯಿದೆ. ದನದ ಬಾಯಿಂದ ಕಿತ್ತು ತೊಟ್ಟಿಗೆ ಹಾಕುವುದು ಜಾಣತನವಲ್ಲ. ಯಾರಿಗೂ ಬೇಡವಾದದ್ದು ಮಾತ್ರ ನಿಜವಾದ ಕಸ. ಬೀದರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹಳೆಯ ಕೋಟೆಯ ಮಣ್ಣನ್ನು ತಂದು, ಅದರಿಂದ ಬಿದ್ರಿ ಪಾತ್ರೆಗೆ ಆ ಕಪ್ಪು ಹೊಳಪು ಕೊಡುವ ಕುಶಲಕರ್ಮಿಗಳ ಊರು ಅದು. ಬೇರೆಯವರಿಗೆ ಬರೀ ಮಣ್ಣಾಗಿ ಕಂಡದ್ದರಲ್ಲಿ ಅವರು ಕಸುಬು ಕಂಡರು.

ಕಾಣದ ಕೆಲಸಗಾರರು

ಅಡುಗೆ ಮನೆಯಲ್ಲಿ ನಾವು ದಿನವೂ ಸೂಕ್ಷ್ಮಜೀವಿಗಳನ್ನು ದುಡಿಸಿಕೊಳ್ಳುತ್ತೇವೆ. ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಮಲಗಿದರೆ ಬೆಳಿಗ್ಗೆ ಗಟ್ಟಿ ಮೊಸರು. ಇಡ್ಲಿ ಹಿಟ್ಟು ರಾತ್ರಿ ಅರ್ಧ ಪಾತ್ರೆ ಇದ್ದದ್ದು ಬೆಳಿಗ್ಗೆ ಉಕ್ಕಿ ಬರುತ್ತದೆ. ನಾನ್ ರೊಟ್ಟಿಯ ಹಿಟ್ಟಿಗೆ ಖಮೀರ್ ಹಾಕುವುದೂ ಇದಕ್ಕಾಗಿಯೇ. ಗೋಬರ್ ಗ್ಯಾಸ್ ಸ್ಥಾವರವೂ ಅಂಥದ್ದೇ ಒಂದು ದೊಡ್ಡ ಪಾತ್ರೆ. ಒಂದೇ ವ್ಯತ್ಯಾಸವೆಂದರೆ ಅದರ ಮುಚ್ಚಳ ಒಂದಿಷ್ಟೂ ಗಾಳಿಯಾಡದಂತೆ ಬಿಗಿಯಾಗಿರಬೇಕು.

ಅದರೊಳಗೆ ಒಂದೇ ಜಾತಿಯ ಜೀವಿಗಳಿಲ್ಲ. ಅವಿಭಕ್ತ ಕುಟುಂಬದಲ್ಲಿ ಒಬ್ಬಳು ತರಕಾರಿ ಹೆಚ್ಚಿ, ಇನ್ನೊಬ್ಬಳು ಮಸಾಲೆ ಅರೆದು, ಮತ್ತೊಬ್ಬಳು ಒಗ್ಗರಣೆ ಹಾಕುವಂತೆ ಕೆಲಸ ಹಂಚಿಹೋಗಿರುತ್ತದೆ. ಮೊದಲ ಗುಂಪು ಪಿಷ್ಟ, ನಾರು, ಕೊಬ್ಬು, ಪ್ರೋಟೀನುಗಳನ್ನು ನೀರಿನಲ್ಲಿ ಕರಗುವ ಚಿಕ್ಕ ಚೂರುಗಳಾಗಿ ಮಾಡುತ್ತದೆ. ಎರಡನೆಯದು ಆ ಚೂರುಗಳನ್ನು ತಿಂದು ಆಮ್ಲಗಳನ್ನು ಬಿಡುತ್ತದೆ. ಮೂರನೆಯ ಗುಂಪು ಆ ಆಮ್ಲಗಳನ್ನು ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್‌ಗಳಾಗಿ ಪರಿವರ್ತಿಸುತ್ತದೆ. ಕೊನೆಯ ಗುಂಪಿನವು ಇವನ್ನು ಬಳಸಿ ಮಿಥೇನ್ ಅನಿಲ ತಯಾರಿಸುತ್ತವೆ. ನಮ್ಮ ಒಲೆಯಲ್ಲಿ ನೀಲಿಯಾಗಿ ಉರಿಯುವುದು ಈ ಮಿಥೇನ್.

ಈ ಕೊನೆಯ ಗುಂಪಿನವು ಬಹಳ ನಾಜೂಕಿನ ಜೀವಿಗಳು. ಬಹುಕಾಲ ವಿಜ್ಞಾನಿಗಳು ಇವನ್ನೂ ಬ್ಯಾಕ್ಟೀರಿಯಾ ಎಂದೇ ತಿಳಿದಿದ್ದರು. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಅವು ಬ್ಯಾಕ್ಟೀರಿಯಾಗಳಿಗಿಂತ ಬೇರೆಯೇ ಆದ ಪ್ರಾಚೀನ ವಂಶದವೆಂದು ತೋರಿಸಿದರು. ಇಂದು ಆ ವಂಶವನ್ನು ಆರ್ಕಿಯಾ ಎಂದು ಕರೆಯುತ್ತಾರೆ. ಆಮ್ಲಜನಕ ತಾಗಿದರೆ ಇವುಗಳಿಗೆ ಅಪಾಯ. ಹುಳಿ ಹೆಚ್ಚಾದರೆ ಕೆಲಸ ನಿಲ್ಲಿಸುತ್ತವೆ. 35 ಡಿಗ್ರಿ ಆಸುಪಾಸಿನ ಬೆಚ್ಚಗಿನ ವಾತಾವರಣ ಇವುಗಳಿಗೆ ಇಷ್ಟ. ಡಿಸೆಂಬರ್-ಜನವರಿಯ ಬೀದರ್ ಚಳಿಯಲ್ಲಿ ಸ್ಥಾವರದ ಗ್ಯಾಸ್ ಕಡಿಮೆಯಾಗುವುದಕ್ಕೆ ಇದೇ ಕಾರಣ. ಆ ತಿಂಗಳುಗಳಲ್ಲಿ ಇಡ್ಲಿ ಹಿಟ್ಟೂ ಸರಿಯಾಗಿ ಉಬ್ಬುವುದಿಲ್ಲ ಎಂಬುದನ್ನು ನೆನಪಿಸಿಕೊಂಡರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ.

ಹೀಗೆ ತಯಾರಾದ ಅನಿಲದಲ್ಲಿ ಸುಮಾರು 55ರಿಂದ 65 ಪಾಲು ಮಿಥೇನ್ ಇರುತ್ತದೆ. ಉಳಿದದ್ದು ಹೆಚ್ಚಿನಂಶ ಇಂಗಾಲದ ಡೈಆಕ್ಸೈಡ್. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಪ ಪ್ರಮಾಣದಲ್ಲಿರುತ್ತದೆ. ಮರದ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಎಂಬ ಅಂಶವನ್ನು ಮಾತ್ರ ಈ ಜೀವಿಗಳು ಜೀರ್ಣಿಸಿಕೊಳ್ಳಲಾರವು. ಹಾಗಾಗಿ ತೊಗರಿ ಕಟ್ಟಿಗೆಯನ್ನು ತೊಟ್ಟಿಗೆ ಹಾಕಿ ಗ್ಯಾಸ್ ನಿರೀಕ್ಷಿಸಬಾರದು.

ಸರೋವರದ ಕೆಸರಿನಿಂದ ಕುಣಿಗಲ್‌ವರೆಗೆ

ಇದು ಹೊಸ ವಿದ್ಯೆಯಲ್ಲ. 1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಸರೋವರವೊಂದರ ಕೆಸರನ್ನು ಕೋಲಿನಿಂದ ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದಿಟ್ಟು ಅವು ಉರಿಯುತ್ತವೆಂದು ತೋರಿಸಿದರು. ನಮ್ಮ ದೇಶದಲ್ಲಿ 1897ರಲ್ಲಿ ಮುಂಬಯಿಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಹೊಲಸಿನಿಂದ ಬಂದ ಅನಿಲವನ್ನು ಬಳಸಲಾಯಿತು. ಸಮಾಜ ದೂರವಿಟ್ಟ ಜನರ ಮನೆಯಲ್ಲಿ, ಎಲ್ಲರೂ ದೂರವಿಡುವ ಹೊಲಸಿನಿಂದ ದೀಪ ಹೊತ್ತಿತು ಎಂಬುದು ಮನಸ್ಸಿಗೆ ತಟ್ಟುವ ಸಂಗತಿ. 1950ರ ದಶಕದಲ್ಲಿ ಜಶಭಾಯಿ ಪಟೇಲ್ ರೂಪಿಸಿದ ತೇಲುವ ಡ್ರಮ್ಮಿನ ಸ್ಥಾವರವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಹಳ್ಳಿಹಳ್ಳಿಗೆ ಒಯ್ದಿತು. 1984ರಲ್ಲಿ ಇಟ್ಟಿಗೆಯ ಗುಮ್ಮಟವಿರುವ ಅಗ್ಗದ ದೀನಬಂಧು ಮಾದರಿ ಬಂತು.

ನಮ್ಮ ರಾಜ್ಯದ ಒಂದು ಹಳ್ಳಿಯ ಅನುಭವವನ್ನು ಇಲ್ಲಿ ಹೇಳಲೇಬೇಕು. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಮತ್ತು ಅವರ ಸಂಗಡಿಗರು ಇಡೀ ಊರಿಗೊಂದು ಸ್ಥಾವರ ಕಟ್ಟಿದರು. ಎಲ್ಲ ಮನೆಗಳಿಗೂ ಅಡುಗೆ ಅನಿಲ ಕೊಡುವುದು ಮೊದಲ ಯೋಜನೆಯಾಗಿತ್ತು. ಲೆಕ್ಕ ಹಾಕಿ ನೋಡಿದರೆ ಅಷ್ಟು ಸೆಗಣಿ ಸಾಲಲಿಲ್ಲ. ಆಗ ಅವರು ಯೋಜನೆಯನ್ನೇ ತಿರುಗಿಸಿದರು. ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿ ಬೀದಿಯ ನಲ್ಲಿಗಳಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. 1980ರ ದಶಕದ ಕೊನೆಯಲ್ಲಿ ಆರಂಭವಾದ ಈ ವ್ಯವಸ್ಥೆ ಹಲವು ವರ್ಷ ನಡೆಯಿತು. ಸೆಗಣಿ ತಂದುಕೊಟ್ಟವರಿಗೆ ಅದರ ಪ್ರಮಾಣಕ್ಕೆ ತಕ್ಕಂತೆ ಗೊಬ್ಬರ ಮರಳಿ ಸಿಗುತ್ತಿತ್ತು, ಹೊತ್ತು ತಂದ ಕೈಗೆ ಸಣ್ಣ ಮೊತ್ತದ ಕೂಲಿಯೂ ಸಿಗುತ್ತಿತ್ತು. ಹೊತ್ತು ತರುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ದೂರದಿಂದ ಕೊಡ ಹೊರುವ ಶ್ರಮ ತಪ್ಪಿದ್ದೂ ಅವರಿಗೇ. ಜನರಿಗೆ ಏನು ಬೇಕು ಎಂದು ಮೊದಲು ಕೇಳಬೇಕು, ಯಂತ್ರ ಆಮೇಲೆ ಎಂಬ ಪಾಠವನ್ನು ಪುರ ಕಲಿಸಿತು.

ಔರಾದಿನ ಅಂಗಳದಲ್ಲಿ

ಔರಾದ್ ತಾಲೂಕಿಗೆ ಬನ್ನಿ. ಮಹಾರಾಷ್ಟ್ರ, ತೆಲಂಗಾಣಗಳ ಗಡಿಗೆ ತಾಗಿಕೊಂಡ ಈ ಭಾಗದಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಕೇಳಿಸುತ್ತದೆ. ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಯ ದೇವಣಿ ತಳಿಯ ದನಗಳು ಈ ಸೀಮೆಯ ಹೆಮ್ಮೆ. ಕೊಟ್ಟಿಗೆಯಲ್ಲಿ ನಾಲ್ಕೈದು ದನ ಇರುವ ಮನೆಗೆ ಗೋಬರ್ ಗ್ಯಾಸ್ ಹೇಳಿಮಾಡಿಸಿದಂಥದ್ದು. ಲೆಕ್ಕ ಸರಳ. ದಿನಕ್ಕೆ 50 ಕಿಲೋ ಸೆಗಣಿ, ಅಷ್ಟೇ ನೀರು ಹಾಕಿದರೆ ಸುಮಾರು ಎರಡು ಘನ ಮೀಟರ್ ಅನಿಲ ಸಿಗುತ್ತದೆ. ಒಂದು ಘನ ಮೀಟರ್ ಎಂದರೆ ಸಿಲಿಂಡರಿನ ಗ್ಯಾಸ್ ಅರ್ಧ ಕಿಲೋಗಿಂತ ತುಸು ಕಡಿಮೆ. ಐದಾರು ಜನರ ಮನೆಯ ಅಡುಗೆಗೆ ಇದು ಸಾಕು. ಹೊರಬರುವ ಬಗ್ಗಡ ಹೊಲಕ್ಕೆ ಉತ್ತಮ ಗೊಬ್ಬರ. ಸೆಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಉರಿ ಮಾತ್ರ ಸಿಗುತ್ತದೆ, ಗೊಬ್ಬರ ಬೂದಿಯಾಗುತ್ತದೆ. ಇಲ್ಲಿ ಎರಡೂ ಸಿಗುತ್ತವೆ.

ಹಾಗಿದ್ದರೆ 1981-82ರಿಂದ ಸರಕಾರ ಸಹಾಯಧನ ಕೊಟ್ಟು ಕಟ್ಟಿಸಿದ ಎಷ್ಟೋ ಸ್ಥಾವರಗಳು ಹಳ್ಳಿಗಳಲ್ಲಿ ಮಣ್ಣು ತುಂಬಿಕೊಂಡು ನಿಂತಿರುವುದೇಕೆ? ಕೆಲವು ಕಟ್ಟುವಾಗಲೇ ಬಿರುಕು ಬಿಟ್ಟವು. ಕೆಲವು ಕಡೆ ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಸೆಗಣಿ ನಿಂತಿತು. ಬರಗಾಲದಲ್ಲಿ ಕುಡಿಯಲೇ ನೀರಿಲ್ಲದಾಗ ದಿನಕ್ಕೆ 50 ಲೀಟರ್ ನೀರನ್ನು ತೊಟ್ಟಿಗೆ ಸುರಿಯಲು ಯಾರಿಗೆ ಮನಸ್ಸು ಬರುತ್ತದೆ? 2016ರ ಬೇಸಿಗೆಯನ್ನು ಕಂಡ ಬೀದರಿನ ಹೆಂಗಸರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಾರಣವಿದೆ, ಅದನ್ನು ಸರಕಾರದ ವರದಿಗಳಿಗಿಂತ ಸೊಸೆಯಂದಿರು ಚೆನ್ನಾಗಿ ಬಲ್ಲರು. ಸ್ಥಾವರದ ಅರ್ಜಿಗೆ ಸಹಿ ಮಾಡುವುದು ಗಂಡಸರು. ಎಂಜಿನಿಯರ್ ಬಂದು ವಿವರಿಸುವುದು ಜಗಲಿಯಲ್ಲಿ ಕುಳಿತ ಗಂಡಸರಿಗೆ. ಬೆಳಿಗ್ಗೆ ಸೆಗಣಿ ಕಲಸುವುದು, ನೀರು ಹೊರುವುದು, ಕಡ್ಡಿ ಕಸ ಆರಿಸುವುದು ಮನೆಯ ಹೆಂಗಸರು. ಪೈಪಿನಲ್ಲಿ ನೀರು ನಿಂತು ಉರಿ ಆರಿಹೋದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಎರಡು ದಿನ ನೋಡಿ, ಮೂರನೆಯ ದಿನ ಅತ್ತೆ “ಬಿಡು ಬೇಟಿ, ಕಟ್ಟಿಗೆ ಒಲೆನೇ ಹಚ್ಚು” ಎಂದರೆ ಅಲ್ಲಿಗೆ ಆ ಸ್ಥಾವರದ ಆಯುಷ್ಯ ಮುಗಿಯಿತು. ಯಂತ್ರ ಕೆಟ್ಟದ್ದಲ್ಲ, ದುರಸ್ತಿಯ ವಿದ್ಯೆ ತಪ್ಪು ಕೈಗೆ ಹೋದದ್ದು.

ಕೋಲಾರದ ಎಸ್.ಕೆ.ಜಿ. ಸಂಘ ಎಂಬ ಸಂಸ್ಥೆ ಹತ್ತಾರು ಸಾವಿರ ಮನೆಗಳಿಗೆ ಇಂಥ ಸ್ಥಾವರ ಕಟ್ಟಿಕೊಟ್ಟಿದೆ. ಜೊತೆಗೆ ಬಗ್ಗಡದಿಂದ ಎರೆಗೊಬ್ಬರ ಮಾಡಿ ಮಾರುವ ದಾರಿಯನ್ನು ಹೆಂಗಸರಿಗೆ ತೋರಿಸಿತು. 2007ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಇದಕ್ಕೆ ಸಂದಿತು. ಹೆಂಗಸರ ಕೈಗೆ ನಾಲ್ಕು ಕಾಸು ಬರುವ ಕಡೆ ಸ್ಥಾವರದ ಮೇಲೆ ಅವರ ಕಣ್ಣೂ ಇರುತ್ತದೆ.

ಹೊಗೆಯ ವಿಷಯವನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ರಮಝಾನಿನ ಸಹರಿಗೆಂದು ನಸುಕಿನಲ್ಲಿ ಎದ್ದು ಹಸಿ ಕಟ್ಟಿಗೆ ಊದುತ್ತಾ ಕಣ್ಣೀರು ಒರೆಸಿಕೊಂಡ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರ್ ಬಂತು ನಿಜ. ಆದರೆ ಮತ್ತೆ ತುಂಬಿಸಲು ಹಣ ಹೊಂದಿಸಲಾಗದೆ, ಚಹಾಕ್ಕೆ ಗ್ಯಾಸು, ರೊಟ್ಟಿಗೆ ಕಟ್ಟಿಗೆ ಎಂದು ಎರಡು ಒಲೆಗಳ ಸಂಸಾರ ಮಾಡುವ ಮನೆಗಳು ಇಂದಿಗೂ ಇವೆ.

ಸೆಗಣಿಯೇ ಬೇಕೆಂದಿಲ್ಲ

ಸೆಗಣಿ ಇಲ್ಲದ ಮನೆಯವರು ಏನು ಮಾಡಬೇಕು? ಪುಣೆಯ ವಿಜ್ಞಾನಿ ಡಾ. ಆನಂದ ಕರ್ವೆ ಇದಕ್ಕೊಂದು ಒಳ್ಳೆಯ ಉತ್ತರ ಕಂಡುಕೊಂಡರು. ಸೆಗಣಿ ಎಂದರೆ ದನ ತನಗೆ ಬೇಕಾದ ಸತ್ವವನ್ನೆಲ್ಲ ಹೀರಿಕೊಂಡು ಬಿಟ್ಟ ಉಳಿಕೆ. ಅದರಲ್ಲಿ ಸೂಕ್ಷ್ಮಜೀವಿಗಳು ಹೇರಳವಾಗಿವೆ, ಆದರೆ ಅವುಗಳಿಗೆ ಆಹಾರ ಕಡಿಮೆ. ಹಾಗಾದರೆ ಸೆಗಣಿಯನ್ನು ಹೆಪ್ಪಿನಂತೆ ಆರಂಭದಲ್ಲಿ ಹಾಕಿ, ಆಮೇಲೆ ದಿನವೂ ಪಿಷ್ಟ ಇರುವ ವಸ್ತು ಕೊಟ್ಟರೆ ಹೇಗೆ? ಅವರು ಹಾಗೆಯೇ ಮಾಡಿದರು. ಉಳಿದ ಅನ್ನ, ಹಾಳಾದ ಹಿಟ್ಟು, ಕೊಳೆತ ಹಣ್ಣುಗಳಿಂದ ನಡೆಯುವ, ಎರಡು ಪ್ಲಾಸ್ಟಿಕ್ ಟ್ಯಾಂಕುಗಳ ಸ್ಥಾವರ ತಯಾರಾಯಿತು. ಡಜನ್‌ಗಟ್ಟಲೆ ಕಿಲೋ ಸೆಗಣಿ ಮಾಡುವ ಕೆಲಸವನ್ನು ಒಂದೆರಡು ಕಿಲೋ ಪಿಷ್ಟ ಮಾಡಿತು, ಅದೂ ಬಹಳ ಬೇಗ. ಅವರ ಸಂಸ್ಥೆ ಆರ್ಟಿಗೆ ಇದಕ್ಕಾಗಿ 2006ರಲ್ಲಿ ಆಶ್‌ಡೆನ್ ಪ್ರಶಸ್ತಿ ಸಿಕ್ಕಿತು. ಅದಕ್ಕೂ ಮೊದಲು, 2002ರಲ್ಲಿ, ಹೊಲದಲ್ಲಿ ಸುಟ್ಟುಹಾಕುವ ಕಬ್ಬಿನ ರವದಿಯಿಂದ ಇದ್ದಿಲು ಮಾಡುವ ವಿಧಾನಕ್ಕೂ ಅದೇ ಪ್ರಶಸ್ತಿ ಬಂದಿತ್ತು.

ಬೀದರ್ ನಗರದ ಮದುವೆ ಮಂಟಪಗಳನ್ನು ಒಮ್ಮೆ ನೆನೆಯಿರಿ. ವಲೀಮಾ ಮುಗಿದ ಮೇಲೆ ಹಿಂದಿನ ಬಾಗಿಲಿನಿಂದ ಹೊರಹೋಗುವ ಬಗಾರಾ ಅನ್ನ, ದಾಲ್ಚಾ, ರೊಟ್ಟಿಯ ರಾಶಿ ಎಷ್ಟು! ಉಣ್ಣುವವರಿಗೆ ಮುಟ್ಟಿಸುವುದು ಮೊದಲ ಕರ್ತವ್ಯ. ತಟ್ಟೆಯಲ್ಲಿ ಬಿಟ್ಟ ಎಂಜಲು, ತರಕಾರಿ ಸಿಪ್ಪೆಯಾದರೂ ಚರಂಡಿ ಸೇರುವ ಬದಲು ಮಂಟಪದ ಒಲೆಗೇ ಉರಿಯಾಗಬಹುದಲ್ಲವೇ? ಬಕ್ರೀದ್ ದಿನ ಕುರಿ-ಆಡುಗಳ ಹೊಟ್ಟೆಯಿಂದ ತೆಗೆದು ಎಸೆಯುವ ಅರೆಜೀರ್ಣ ಮೇವೂ ಇಂಥದ್ದೇ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆ ಸ್ವತಃ ಒಂದು ಗ್ಯಾಸ್ ಸ್ಥಾವರ. ಅದರಲ್ಲಿ ಈ ಎಲ್ಲ ಜೀವಿಗಳೂ ಇವೆ. ಬೀದಿಯ ಮೂಲೆಯಲ್ಲಿ ಕೊಳೆತು ನೆರೆಯವರಿಗೆ ತೊಂದರೆ ಕೊಡುವ ಬದಲು ಒಂದು ಕಡೆ ಸಂಗ್ರಹಿಸಿದರೆ ಅದು ಸ್ಥಾವರಕ್ಕೆ ಒಳ್ಳೆಯ ಹೆಪ್ಪು.

ಕಾರ್ಖಾನೆಯ ಮಡ್ಡಿಯಲ್ಲಿ ಎಷ್ಟು ಗ್ಯಾಸಿದೆ?

ಈಗ ಮತ್ತೆ ಕಬ್ಬಿನ ಮಡ್ಡಿಗೆ ಬರೋಣ. ಸೆಗಣಿಗಿಂತ ಇದರಲ್ಲಿ ಜೀವಿಗಳಿಗೆ ಆಹಾರ ಹೆಚ್ಚು. ಸುಮಾರು 25 ಟನ್ ಮಡ್ಡಿಯಿಂದ ಒಂದು ಟನ್ ಶುದ್ಧೀಕರಿಸಿದ, ಒತ್ತಿ ತುಂಬಿದ ಜೈವಿಕ ಅನಿಲ ಸಿಗುತ್ತದೆಂಬುದು ಸಾಮಾನ್ಯ ಲೆಕ್ಕ. ಮಾದರಿಗೆ ದಿನಕ್ಕೆ 2500 ಟನ್ ಕಬ್ಬು ಅರೆಯುವ ಒಂದು ಕಾರ್ಖಾನೆಯನ್ನು ತೆಗೆದುಕೊಳ್ಳಿ. 120 ದಿನ ನಡೆದರೆ ಮೂರು ಲಕ್ಷ ಟನ್ ಕಬ್ಬು. ನೂರಕ್ಕೆ ಮೂರೂವರೆಯಂತೆ 10,500 ಟನ್ ಮಡ್ಡಿ. ಅದರಿಂದ 420 ಟನ್ ಅನಿಲ. ಮನೆಗೆ ಬರುವ 14.2 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ ಸುಮಾರು 29,500 ಸಿಲಿಂಡರಿನಷ್ಟು! ವರ್ಷಕ್ಕೆ ಎಂಟು ಸಿಲಿಂಡರ್ ಬಳಸುವ ಮೂರು ಸಾವಿರದ ಆರುನೂರಕ್ಕೂ ಹೆಚ್ಚು ಮನೆಗಳಿಗೆ ಇದು ಸಾಕು. ಇದು ಕಾಗದದ ಮೇಲಿನ ಲೆಕ್ಕ, ಒಪ್ಪುತ್ತೇನೆ. ಆದರೆ ನಾವು ಮೂಗು ಮುಚ್ಚಿಕೊಂಡು ದಾಟುವ ಗುಡ್ಡದ ಬೆಲೆ ಏನೆಂದು ಇದರಿಂದ ತಿಳಿಯುತ್ತದೆ.

ಸರಕಾರಕ್ಕೂ ಇದು ತಿಳಿದಿದೆ. 2018ರ ಅಕ್ಟೋಬರ್ 1ರಂದು ಕೇಂದ್ರ ಸರಕಾರ ಸತತ್ ಎಂಬ ಯೋಜನೆ ಆರಂಭಿಸಿ, ಇಂಥ ಅನಿಲವನ್ನು ತೈಲ ಕಂಪೆನಿಗಳು ಕೊಳ್ಳುವ ವ್ಯವಸ್ಥೆ ಮಾಡಿತು. ದೇಶದಲ್ಲಿ 5000 ಸ್ಥಾವರಗಳ ಗುರಿ ಇಟ್ಟುಕೊಳ್ಳಲಾಗಿತ್ತು, 2023-24ರ ಗಡುವಿನ ಹೊತ್ತಿಗೆ ಅದರ ಹತ್ತಿರಕ್ಕೂ ತಲುಪಲಿಲ್ಲ. ವಾಹನಗಳ ಸಿ.ಎನ್.ಜಿ.ಗೂ ಮನೆಗಳ ಪೈಪ್ ಗ್ಯಾಸಿಗೂ ಜೈವಿಕ ಅನಿಲವನ್ನು ಬೆರೆಸಬೇಕೆಂದು 2023ರ ನವೆಂಬರ್‌ನಲ್ಲಿ ಪ್ರಕಟಿಸಲಾಯಿತು. 2025-26ಕ್ಕೆ ಶೇಕಡಾ 1, 2028-29ರಿಂದ ಶೇಕಡಾ 5 ಎಂಬುದು ಅದರ ಲೆಕ್ಕ.

ಕೆಲಸ ನಿಧಾನವಾಗಲು ಕಾರಣಗಳಿವೆ. ಕಬ್ಬು ಅರೆಯುವುದು ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ. ತೊಟ್ಟಿಯೊಳಗಿನ ಜೀವಿಗಳಿಗೆ ಮಾತ್ರ ವರ್ಷವಿಡೀ ಹಸಿವು. ಮಡ್ಡಿಯನ್ನು ಕೂಡಿಟ್ಟರೆ ಅದು ಬಯಲಲ್ಲೇ ಕೊಳೆತು ಸತ್ವ ಕಳೆದುಕೊಳ್ಳುತ್ತದೆ. ಅದರಲ್ಲಿರುವ ಮೇಣ ಮತ್ತು ನಾರು ಸುಲಭವಾಗಿ ಜೀರ್ಣವಾಗುವುದಿಲ್ಲ, ಮೇಲೆ ಕೆನೆಗಟ್ಟುತ್ತದೆ. ಮಣ್ಣು-ಮರಳು ತಳದಲ್ಲಿ ತುಂಬುತ್ತದೆ. ಗಂಧಕದ ಅಂಶ ಇರುವುದರಿಂದ ಹೈಡ್ರೋಜನ್ ಸಲ್ಫೈಡ್ ಹೆಚ್ಚು ಬರುತ್ತದೆ, ಅದನ್ನು ತೆಗೆಯದಿದ್ದರೆ ಎಂಜಿನ್ ಸವೆಯುತ್ತದೆ.

ಎಥೆನಾಲ್ ಘಟಕದ ಕೊಳೆನೀರಿನದ್ದೂ ಇದೇ ಕತೆ. 1970ರ ದಶಕದಲ್ಲಿ ನೆದರ್‌ಲೆಂಡ್ಸಿನ ಗಾಟ್ಸೆ ಲೆಟಿಂಗಾ ಒಂದು ಹೊಸ ತೊಟ್ಟಿ ರೂಪಿಸಿದರು. ಕೊಳೆನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿದರೆ, ಕಾಳುಗಳಂತೆ ಗಟ್ಟಿಗೊಂಡ ಸೂಕ್ಷ್ಮಜೀವಿಗಳ ಪದರವೊಂದು ಅದನ್ನು ಸೋಸುತ್ತಾ ಅನಿಲ ಬಿಡುತ್ತದೆ. ಮನೆಯ ಸ್ಥಾವರದಲ್ಲಿ ನಲವತ್ತು ದಿನ ಹಿಡಿಯುವ ಕೆಲಸ ಇಲ್ಲಿ ಗಂಟೆ ಅಥವಾ ಕೆಲವೇ ದಿನಗಳ ಲೆಕ್ಕದಲ್ಲಿ ಮುಗಿಯುತ್ತದೆ. ದೇಶದ ಅನೇಕ ಎಥೆನಾಲ್ ಘಟಕಗಳು ಕೊಳೆನೀರಿನಿಂದ ಅನಿಲ ತೆಗೆದು ತಮ್ಮ ಬಾಯ್ಲರ್‌ಗೇ ಉರಿಸಿವೆ. ಇದರಿಂದ ಹೊಲಸಿನ ಬಹುಪಾಲು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆ ಕಂದು ಬಣ್ಣ ಉಳಿಯುತ್ತದೆ, ಮುಂದಿನ ಸಂಸ್ಕರಣೆ ಬೇಕೇ ಬೇಕು. ಇದೆಲ್ಲವನ್ನೂ ಸೂಕ್ಷ್ಮಜೀವಿಗಳ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವಂತಿಲ್ಲ.

ನನ್ನ ಪ್ರಶ್ನೆ ಬೇರೆ. ಮಡ್ಡಿಯ ವಾಸನೆ ಕುಡಿಯುವವರು ಕಾರ್ಖಾನೆ ಪಕ್ಕದ ಹಳ್ಳಿಯವರು. ಅನಿಲ ಒತ್ತಿ ತುಂಬಿಸಿಕೊಂಡು ಹೋಗುವುದು ದೂರದ ಪಟ್ಟಣದ ವಾಹನಗಳಿಗೆ. ಹಳ್ಳಿಯ ಹೆಣ್ಣುಮಕ್ಕಳು ಮತ್ತೆ ತೊಗರಿ ಕಟ್ಟಿಗೆ ಹೊರುವುದು. ಇದರಲ್ಲಿ ಎಲ್ಲೋ ತಪ್ಪಿದೆಯಲ್ಲವೇ? ಶುದ್ಧೀಕರಿಸಿ ಒತ್ತಿ ತುಂಬುವುದು ದುಬಾರಿ ಕೆಲಸ. ಹತ್ತಿರದ ಬಳಕೆಗೆ ಅಷ್ಟೆಲ್ಲ ಬೇಕಿಲ್ಲ, ಗಂಧಕ ತೆಗೆದು ಪೈಪಿನಲ್ಲಿ ಹರಿಸಿದರೂ ಒಲೆ ಉರಿಯುತ್ತದೆ. ಸಹಕಾರಿ ಕಾರ್ಖಾನೆಯ ಷೇರುದಾರರು ರೈತರೇ ತಾನೇ? ಹೊಸ ಸ್ಥಾವರ ಕಟ್ಟುವಾಗ ಮೊದಲ ಪೈಪು ಪಕ್ಕದ ಊರಿನ ಶಾಲೆಯ ಬಿಸಿಯೂಟದ ಕೋಣೆಗೆ, ಹಾಸ್ಟೆಲಿಗೆ, ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿದ ಕುಟುಂಬಗಳಿಗೆ ಹೋಗಲಿ ಎಂದು ಸರ್ವಸಾಧಾರಣ ಸಭೆಯಲ್ಲಿ ಕೇಳಲು ಅಡ್ಡಿಯೇನು? ಷೇರು ಗಂಡನ ಹೆಸರಿನಲ್ಲಿರಬಹುದು. ಪ್ರಶ್ನೆ ಹೆಂಡತಿಯದ್ದಾಗಬಹುದು.

ಮನೆಯಲ್ಲಿ ಸ್ಥಾವರ ಇರುವವರು ಗಮನಿಸಿ

* ಮುಚ್ಚಳ ತೆರೆದ ತೊಟ್ಟಿಯೊಳಗೆ ಯಾರೂ ಇಳಿಯಬಾರದು, ಇಳಿದವರನ್ನು ರಕ್ಷಿಸಲು ಇನ್ನೊಬ್ಬರೂ ಇಳಿಯಬಾರದು. ಒಳಗೆ ಆಮ್ಲಜನಕ ಇರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಅದರ ವಾಸನೆಯೇ ಮೂಗಿಗೆ ತಿಳಿಯುವುದಿಲ್ಲ. ಇಂಥ ಗುಂಡಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಪ್ರಾಣ ಬಿಟ್ಟ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ.

* ಸೋರಿಕೆ ಹುಡುಕಲು ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿ. ಬೆಂಕಿಕಡ್ಡಿ ಗೀರಿ ನೋಡಬೇಡಿ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ-ಬಾಗಿಲು ತೆರೆಯಿರಿ.

* ಹೊಸ ಸ್ಥಾವರದಿಂದ ಮೊದಲು ಬರುವ ಅನಿಲದಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಒಲೆಗೆ ಹಚ್ಚದೆ ಬಯಲಿಗೆ ಬಿಡಿ.

* ಉರಿ ಕುಣಿಯುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ ಎಂದರ್ಥ. ತಗ್ಗಿನಲ್ಲಿರುವ ನಲ್ಲಿಯಿಂದ ನೀರು ತೆಗೆಯಿರಿ.

* ಬಗ್ಗಡಕ್ಕೆ ಹುಳಿ ವಾಸನೆ ಬಂದು ಗ್ಯಾಸ್ ಕಡಿಮೆಯಾದರೆ ಆಹಾರ ಹೆಚ್ಚಾಗಿದೆ. ನಾಲ್ಕೈದು ದಿನ ಏನೂ ಹಾಕಬೇಡಿ, ಅಜೀರ್ಣವಾದ ಮಗುವಿಗೆ ಮಾಡುವಂತೆಯೇ.

* ಫಿನಾಯಿಲ್, ಬ್ಲೀಚಿಂಗ್ ಪುಡಿ, ಸಾಬೂನು ನೀರು ತೊಟ್ಟಿಗೆ ಹೋಗದಿರಲಿ. ರೋಗಾಣುಗಳ ಜೊತೆ ನಮ್ಮ ಕೆಲಸಗಾರರೂ ಸಾಯುತ್ತವೆ.

* ಬೇಸಿಗೆಯಲ್ಲಿ ನೀರಿನ ಕೊರತೆಯಿದ್ದರೆ ಅಕ್ಕಿ-ತರಕಾರಿ ತೊಳೆದ ನೀರನ್ನೂ ಹೊರಬಂದ ಬಗ್ಗಡದ ತಿಳಿಯನ್ನೂ ಸೆಗಣಿ ಕಲಸಲು ಬಳಸಿ.

ಕೊನೆಯ ಮಾತು

ಮಡ್ಡಿಯ ಗುಡ್ಡ ಬಯಲಲ್ಲಿ ಕೊಳೆತರೂ ಅದರೊಳಗೆ ಮಿಥೇನ್ ಹುಟ್ಟುತ್ತದೆ. ಆಗ ಅದು ಆಕಾಶ ಸೇರಿ, ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿ ಮಾಡುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಹುಟ್ಟಿದರೆ ಅದೇ ಅನಿಲ ರೊಟ್ಟಿ ಬೇಯಿಸುತ್ತದೆ. ಸೂಕ್ಷ್ಮಜೀವಿಗಳು ಎರಡೂ ಕಡೆ ತಮ್ಮ ಕೆಲಸ ಮಾಡಿಯೇ ಮಾಡುತ್ತವೆ. ಮುಚ್ಚಳ ಹಾಕುವ ಕೆಲಸ ಮಾತ್ರ ನಮ್ಮದು.

ಸಹೋದರಿಯರೇ, ನಿಮ್ಮ ಮನೆಯ ಹಿಂದೆ ಮಣ್ಣು ತುಂಬಿಕೊಂಡ ಹಳೆಯ ಗೋಬರ್ ಗ್ಯಾಸ್ ತೊಟ್ಟಿ ಇದೆಯೇ? ಗುಮ್ಮಟ ಗಟ್ಟಿಯಿದ್ದರೆ ಅದನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ. ದುರಸ್ತಿ ಮಾಡುವವರು ಬಂದಾಗ ಒಳಗೆ ಚಹಾ ಕಾಯಿಸುತ್ತಾ ನಿಲ್ಲಬೇಡಿ, ಹೊರಗೆ ಬಂದು ನಿಂತು ಎಲ್ಲವನ್ನೂ ಕೇಳಿ ತಿಳಿದುಕೊಳ್ಳಿ. ಒಂದು ದಿನ ಚಹಾ ತಡವಾದರೂ ಚಿಂತೆಯಿಲ್ಲ. ನಾಳೆ ಆ ಉರಿಯನ್ನು ಕಾಯಬೇಕಾದವರು ನೀವು.